ಬಣ್ಣದ ನಕ್ಷೆಯೂ ಧರ್ಮಪುರವೂ

ಬಡತನವನ್ನು ಲೆಕ್ಕ ಹಾಕಿದವರು ಅನೇಕರು. ಅದನ್ನು ಕಣ್ಣಿಗೆ ಕಾಣುವಂತೆ ಬರೆದು ತೋರಿದವರು ಕೆಲವರೇ. ಅವರಲ್ಲಿ ಮೊದಲು ನೆನೆಯಬೇಕಾದವನು ಚಾರ್ಲ್ಸ್ ಬೂತ್. ಈತ ಪಂಡಿತನಲ್ಲ, ಹಡಗಿನ ವ್ಯಾಪಾರಿ. 1886ರಲ್ಲಿ ಲಂಡನ್ನಿನ ಬಡತನದ ಸಮೀಕ್ಷೆಗೆ ಕೈಹಾಕಿ 1903ರವರೆಗೂ ಅದನ್ನು ಬಿಡಲಿಲ್ಲ. ಮನೆಮನೆಯ ಮಕ್ಕಳ ಲೆಕ್ಕವಿಡುತ್ತಿದ್ದ ಶಾಲಾಮಂಡಲಿಯ ನೌಕರರನ್ನು ವಿಚಾರಿಸಿ, ನಗರದ ನಕ್ಷೆಯಲ್ಲಿ ಬೀದಿ ಬೀದಿಗೂ ಬಣ್ಣ ಹಚ್ಚಿಸಿದನು: ಸಿರಿವಂತರಿಗೆ ಹಳದಿ, ಬಡವರಿಗೆ ನೀಲಿ, ಎಲ್ಲರಿಗಿಂತ ಕೆಳಗಿನವರಿಗೆ ಕಪ್ಪು. (ಆ ಕಪ್ಪಿನವರನ್ನು ದುಷ್ಟರೆಂದು ಕರೆದದ್ದು ಮಾತ್ರ ಅವನ ಕಾಲದ ಕುರುಡು.) ನೂರಕ್ಕೆ 30ಕ್ಕೂ ಮಿಕ್ಕ ಜನ ಬಡತನದಲ್ಲಿದ್ದಾರೆಂದು ತಿಳಿದುಬಂದಿತು. ಅಂಕಿಗಿಂತ ಹೆಚ್ಚಾಗಿ ಮನಸ್ಸಿಗೆ ನಾಟುವುದು ಸಿರಿವಂತರ ಬೀದಿಯ ಹಿತ್ತಲಿಗೇ ಅಂಟಿಕೊಂಡ ನೀಲಿಯ ಓಣಿ. ಮುದುಕರಿಗೆ ವೇತನ ಬೇಕೆಂದು ಬೂತ್ ವರ್ಷಗಟ್ಟಲೆ ವಾದಿಸಿದನು. 1908ರಲ್ಲಿ ಆ ಕಾನೂನು ಬಂದಿತು.

ನಮ್ಮ ನಾಡಿನಲ್ಲಿ ಇದಕ್ಕೆ ಹತ್ತಿರದ ಕೆಲಸವೆಂದರೆ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯದು. 2000ದಲ್ಲಿ ನೇಮಕವಾದ ಸಮಿತಿ 2002ರಲ್ಲಿ ವರದಿಯೊಪ್ಪಿಸಿತು. 35 ಸೂಚಕಗಳನ್ನು ಕೂಡಿಸಿ, ಅಂದಿನ 175 ತಾಲ್ಲೂಕುಗಳಿಗೂ ಒಂದೊಂದು ಅಂಕ ಕೊಟ್ಟರು. ರಾಜ್ಯದ ಸರಾಸರಿಯೇ 1. ಅದಕ್ಕೆ ಕಡಮೆಯಾದವು 114. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಈ ಪಟ್ಟಿಯನ್ನು ನಕ್ಷೆಗಿಳಿಸಿ ಬಣ್ಣ ತುಂಬಿದರೆ ಮತ್ತೆ ವಾದವೇ ಬೇಡ: ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವೇ. 8 ವರ್ಷಗಳಲ್ಲಿ 31,000 ಕೋಟಿ ರೂಪಾಯಿ ವೆಚ್ಚದ ಯೋಜನೆಯನ್ನು ಸಮಿತಿ ಸೂಚಿಸಿತು. ಇದು ಸಾಮಾನ್ಯ ಸಾಧನೆಯಲ್ಲ.

ನಾನು ಕನ್ನಡ ಪಾಠ ಹೇಳುವವನು, ಅಂಕಿಅಂಶದ ಶಾಸ್ತ್ರ ನನ್ನದಲ್ಲ. ಆದರೂ ಒಂದು ಸಂದೇಹವನ್ನು ಹೇಳಬೇಕು. ಬೂತ್ ಬಣ್ಣ ಹಚ್ಚಿದ್ದು ಬೀದಿಗೆ, ನಾವು ಹಚ್ಚುವುದು ತಾಲ್ಲೂಕಿಗೆ. ಹಿರಿಯೂರು ತಾಲ್ಲೂಕನ್ನೇ ನೋಡಿ. ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ನಾಲೆಗಳು ಹರಿದಲ್ಲಿ ತೆಂಗು, ಅಡಕೆ. ಅದೇ ತಾಲ್ಲೂಕಿನ ಪೂರ್ವಕ್ಕೆ, ಆಂಧ್ರದ ಗಡಿಯ ಬಳಿ, ಧರ್ಮಪುರ ಹೋಬಳಿ; ಅಲ್ಲಿ ಮಳೆ ನಂಬಿದ ಹೊಲ. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಅದರ ನೆರೆಯಲ್ಲೇ ಇದೆ. ಧರ್ಮಪುರದ ಕೆರೆಗೆ ನೀರು ತರಬೇಕೆಂಬ ಕೂಗು ಹಳೆಯದು. ತೋಟದ ಸೀಮೆಯನ್ನೂ ಈ ಸೀಮೆಯನ್ನೂ ಕೂಡಿಸಿ ಭಾಗಿಸಿದರೆ ಬರುವ ಅಂಕ ಎರಡು ಕಡೆಯದೂ ಅಲ್ಲ. ನಕ್ಷೆಯಲ್ಲಿ ಇಡೀ ತಾಲ್ಲೂಕಿಗೆ ಒಂದೇ ಬಣ್ಣ. ನೀಲಿಯ ಓಣಿ ಅದರೊಳಗೆ ಅಳಿಸಿಹೋಗುತ್ತದೆ.

ನಮ್ಮ ಹಳೆಯ ಶಾಸನಕಾರರು ಈ ವಿಷಯದಲ್ಲಿ ಚೊಕ್ಕ. ಒಂದು ತುಂಡು ನೆಲ ದತ್ತಿ ಬಿಟ್ಟರೂ ಅದರ ನಾಲ್ಕು ಎಲ್ಲೆಗಳನ್ನು ಹೇಳದೆ ಮುಗಿಸುತ್ತಿರಲಿಲ್ಲ. 1903ರಲ್ಲಿ ರೈಸ್ ಪ್ರಕಟಿಸಿದ ಚಿತ್ರದುರ್ಗ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿದವರು ಇದನ್ನು ಬಲ್ಲರು.

ಸಣ್ಣ ಅಳತೆಗೆ ಈಗ ಸಾಧನವಿಲ್ಲವೆನ್ನುವಂತಿಲ್ಲ. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರವು ಮಳೆಯನ್ನು ಗ್ರಾಮ ಪಂಚಾಯಿತಿಯ ಮಟ್ಟದಲ್ಲಿಯೇ ಅಳೆಯುತ್ತದೆ. 2022ರ ಸೆಪ್ಟೆಂಬರಿನಲ್ಲಿ, 1933ರ ತರುವಾಯ ಮೊದಲ ಬಾರಿಗೆ, ವಾಣಿವಿಲಾಸ ಸಾಗರ ಕೋಡಿ ಬಿದ್ದಿತು. ಮರುವರ್ಷವೇ ಬರ ಬಂದಿತು. ಆಗಲೂ ಬರಪೀಡಿತವೆಂದು ಸಾರಿದ್ದು ತಾಲ್ಲೂಕುಗಳನ್ನೇ, ಹೋಬಳಿಗಳನ್ನಲ್ಲ.