ಭಾರದ ಟ್ರೇಲರ್ ಎಳೆಯುವ ವಾಹನ: ಸ್ಪ್ರಿಂಗ್, ಟಯರ್ ಆಯ್ಕೆ ಹೇಗೆ?

ಮಂಡ್ಯ: ಕಬ್ಬು ಅರೆಯುವ ಹಂಗಾಮು ಆರಂಭವಾಯಿತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ರಸ್ತೆಗಳಲ್ಲಿ ಲಾರಿ ಮತ್ತು ಟ್ರ್ಯಾಕ್ಟರ್-ಟ್ರೇಲರ್‌ಗಳ ಓಡಾಟ ಹೆಚ್ಚುತ್ತದೆ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ, ಕೆ.ಆರ್.ಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆಗಳತ್ತ ಸಾಗುವ ಈ ವಾಹನಗಳು ಕೆಸರಿನ ಗದ್ದೆ, ನಾಲೆ ಏರಿಯ ಕಿರುದಾರಿ ಮತ್ತು ಹೆದ್ದಾರಿ ಮೂರನ್ನೂ ಒಂದೇ ದಿನದಲ್ಲಿ ದಾಟುತ್ತವೆ. ಜಿಲ್ಲೆಯಲ್ಲಿ ಹಂಗಾಮು ಸಾಮಾನ್ಯವಾಗಿ ಮಳೆಗಾಲದಲ್ಲೇ ಶುರುವಾಗುವುದರಿಂದ ವಾಹನದ ಮೇಲಿನ ಒತ್ತಡವೂ ಅಧಿಕ.

ಹೀಗಾಗಿ ಹಂಗಾಮಿಗೆ ಮುನ್ನ ಕಮಾನು ಪಟ್ಟಿ ಸೇರಿಸುವುದು, ದಪ್ಪ ಟಯರ್ ಹಾಕಿಸುವುದು ವಾಡಿಕೆ. ಆದರೆ ಹೆಚ್ಚುವರಿ ಪಟ್ಟಿಯು ಸ್ಪ್ರಿಂಗನ್ನು ಗಟ್ಟಿಗೊಳಿಸುತ್ತದೆಯೇ ಹೊರತು ಆಕ್ಸಲ್, ಬ್ರೇಕ್ ಅಥವಾ ಕೊಂಡಿಯನ್ನಲ್ಲ. ವಾಹನದ ಸಾಮರ್ಥ್ಯವನ್ನು ನಿರ್ಧರಿಸುವುದು ಅದರ ಅತ್ಯಂತ ದುರ್ಬಲ ಭಾಗ ಎಂಬುದನ್ನು ಮಾಲೀಕರು ಮರೆಯುವಂತಿಲ್ಲ.

ಮೊದಲು ತೂಕ, ನಂತರ ಖರೀದಿ

ಕೇಂದ್ರ ಸರ್ಕಾರವು 2018ರ ಜುಲೈನಲ್ಲಿ ಆಕ್ಸಲ್ ತೂಕದ ಮಿತಿಯನ್ನು ಪರಿಷ್ಕರಿಸಿತು. ಅದರಂತೆ ಎರಡು ಟಯರ್‌ಗಳ ಮುಂದಿನ ಆಕ್ಸಲ್‌ಗೆ 6 ಟನ್ ಬದಲು 7 ಟನ್, ನಾಲ್ಕು ಟಯರ್‌ಗಳ ಒಂಟಿ ಆಕ್ಸಲ್‌ಗೆ 10.2 ಟನ್ ಬದಲು 11.5 ಟನ್ ನಿಗದಿಯಾಯಿತು. ಎರಡು ಆಕ್ಸಲ್‌ಗಳ ಲಾರಿಯ ಒಟ್ಟು ತೂಕ 16.2 ಟನ್‌ನಿಂದ 18.5 ಟನ್‌ಗೆ ಏರಿತು. ಆದರೆ ಪ್ರತಿ ವಾಹನಕ್ಕೂ ಅನ್ವಯವಾಗುವುದು ಅದರ ನೋಂದಣಿ ಪತ್ರದಲ್ಲಿ ನಮೂದಾಗಿರುವ ತೂಕವೇ. ಹಳೆಯ ಲಾರಿಗೆ ಹೊಸ ಸ್ಪ್ರಿಂಗ್ ಹಾಕಿದ ಮಾತ್ರಕ್ಕೆ ಆ ಅಂಕಿ ಬದಲಾಗದು.

ಆದ್ದರಿಂದ ಎಂದಿನಂತೆ ಸರಕು ತುಂಬಿದ ವಾಹನವನ್ನು ತೂಕಸೇತುವೆಯ ಮೇಲೆ ಒಮ್ಮೆ ಇಡಿಯಾಗಿ, ಮತ್ತೊಮ್ಮೆ ಆಕ್ಸಲ್‌ವಾರು ತೂಗಿಸಿ, ಆ ಅಂಕಿಗಳನ್ನು ಕೈಯಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುವುದು ಸೂಕ್ತ.

ಟಯರ್ ಮೇಲಿನ ಅಂಕಿ ಹೇಳುವುದೇನು?

ಟಯರ್‌ನ ಪಕ್ಕದ ಗೋಡೆಯ ಮೇಲೆ 146/143 ಎಂಬಂಥ ಬರಹವಿರುತ್ತದೆ. ಇದು ಭಾರ ಸೂಚ್ಯಂಕ. ಮೊದಲನೆಯದು ಒಂಟಿಯಾಗಿ, ಎರಡನೆಯದು ಜೋಡಿಯಾಗಿ ಅಳವಡಿಸಿದಾಗ ಹೊರಬಲ್ಲ ಭಾರವನ್ನು ಸೂಚಿಸುತ್ತದೆ. 146 ಎಂದರೆ 3,000 ಕಿಲೋ, 143 ಎಂದರೆ 2,725 ಕಿಲೋ. ಈ ಸೂಚ್ಯಂಕದ ಟಯರ್‌ಗಳು ಮುಂದೆ ಎರಡು ಸೇರಿ 6,000 ಕಿಲೋ, ಹಿಂದೆ ನಾಲ್ಕು ಸೇರಿ 10,900 ಕಿಲೋ ಹೊರುತ್ತವೆ. 16.2 ಟನ್‌ನ ಲಾರಿಗೆ ಇದು ಸಾಕು, 18.5 ಟನ್‌ನ ಲಾರಿಗೆ ಎರಡೂ ಕಡೆ ಸಾಲದು. 152/148 ಸೂಚ್ಯಂಕದ ಟಯರ್ ಆದರೆ ಮುಂದೆ 7,100, ಹಿಂದೆ 12,600 ಕಿಲೋ ಆಗುತ್ತದೆ.

ಗದ್ದೆ ಮತ್ತು ಕಲ್ಲುದಾರಿಯ ಅಲ್ಪ ದೂರದ ಓಡಾಟಕ್ಕೆ ನೈಲಾನ್ ಟಯರ್‌ಗಳು ಅಗ್ಗವೂ ಹೌದು, ಅವುಗಳ ಪಕ್ಕದ ಗೋಡೆ ಗಟ್ಟಿಯೂ ಹೌದು. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸ್ ಮೂಲಕ ಹಾಸನ, ಮಂಗಳೂರಿನತ್ತ ದೂರ ಸಾಗುವವರಿಗೆ ಕಡಿಮೆ ಬಿಸಿಯಾಗುವ, ಇಂಧನ ಉಳಿಸುವ ರೇಡಿಯಲ್ ಲೇಸು. ಒಂದೇ ಆಕ್ಸಲ್‌ನಲ್ಲಿ ಎರಡನ್ನೂ ಬೆರೆಸಬಾರದು. ಜೋಡಿ ಟಯರ್‌ಗಳ ವ್ಯಾಸ ಸಮನಾಗಿರಬೇಕು. ಇಲ್ಲವಾದರೆ ದೊಡ್ಡದರ ಮೇಲೆಯೇ ಭಾರ ಬಿದ್ದು ಅದು ಬಿಸಿಯೇರಿ ಸಿಡಿಯುತ್ತದೆ. ಗಾಳಿಯ ಒತ್ತಡವನ್ನು ಟಯರ್ ತಣ್ಣಗಿರುವಾಗಲೇ ಪರೀಕ್ಷಿಸಬೇಕು. ರೀಟ್ರೆಡ್ ಟಯರನ್ನು ಮುಂದಿನ ಚಕ್ರಕ್ಕೆ ಬಳಸದಿರುವುದು ಒಳಿತು. ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳು ತಿಳಿಸುತ್ತವೆ. 3524 ಎಂದಿದ್ದರೆ 2024ರ 35ನೇ ವಾರ ಎಂದರ್ಥ.

ಮೂರು ಬಗೆಯ ಸಸ್ಪೆನ್ಷನ್

ಹಲವು ಪಟ್ಟಿಗಳ ಸಾಂಪ್ರದಾಯಿಕ ಕಮಾನು ಒರಟು ದಾರಿಗೆ ಒಗ್ಗುತ್ತದೆ, ಹಳ್ಳಿಯ ಗ್ಯಾರೇಜ್‌ನಲ್ಲೂ ದುರಸ್ತಿಯಾಗುತ್ತದೆ. ಪ್ಯಾರಾಬೋಲಿಕ್ ಕಮಾನಿನಲ್ಲಿ ಪಟ್ಟಿಗಳು ಕಡಿಮೆ. ತೂಕವೂ ಒಳಘರ್ಷಣೆಯೂ ಕಡಿಮೆ. ಗಾಳಿ ಸಸ್ಪೆನ್ಷನ್ ಹಲವು ಆಕ್ಸಲ್‌ಗಳಿಗೆ ಭಾರವನ್ನು ಸಮನಾಗಿ ಹಂಚುತ್ತದೆ. ಹೆದ್ದಾರಿಯ ಟ್ರೇಲರ್‌ಗೆ ಯೋಗ್ಯವಾದರೂ ಬೆಲೆ ಹೆಚ್ಚು, ಕೆಸರು ಮತ್ತು ಚೂಪುಗಲ್ಲಿನ ದಾರಿಯಲ್ಲಿ ನಿರ್ವಹಣೆ ಕಷ್ಟ.

ಅಗತ್ಯಕ್ಕಿಂತ ಗಟ್ಟಿಯಾದ ಕಮಾನು ಖಾಲಿ ವಾಹನವನ್ನು ಕುಪ್ಪಳಿಸುತ್ತದೆ. ಚಕ್ರ ನೆಲ ಬಿಟ್ಟ ಕ್ಷಣದಲ್ಲಿ ಬ್ರೇಕ್ ಕೆಲಸ ಮಾಡದು. ಕಾರ್ಖಾನೆಯಲ್ಲಿ ಸರಕು ಇಳಿಸಿ ಖಾಲಿ ಮರಳುವ ವಾಹನಕ್ಕೆ ಇದು ನಿತ್ಯದ ಅಪಾಯ. ಭಾರ ಬಿದ್ದಾಗ ಮಾತ್ರ ಕೆಲಸಕ್ಕೆ ಬರುವ ಸಹಾಯಕ ಸ್ಪ್ರಿಂಗ್ ಇದಕ್ಕೆ ಉತ್ತಮ ಪರಿಹಾರ. ಕಮಾನನ್ನು ಎಡ-ಬಲ ಎರಡೂ ಕಡೆ ಜೊತೆಯಾಗಿಯೇ ಬದಲಿಸಬೇಕು. ಯು-ಬೋಲ್ಟ್, ಸೆಂಟರ್ ಬೋಲ್ಟ್, ಶಾಕಲ್ ಪಿನ್ ಮತ್ತು ಬುಷ್‌ಗಳನ್ನೂ ಪರೀಕ್ಷಿಸಬೇಕು.

ಕೊಂಡಿ ಮತ್ತು ಬ್ರೇಕ್

ಟ್ರೇಲರ್ ಭಾರವಾದಷ್ಟೂ ಅದನ್ನು ನಿಲ್ಲಿಸುವುದು ಎಳೆಯುವುದಕ್ಕಿಂತ ಕಷ್ಟ. ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಅದು ಟ್ರ್ಯಾಕ್ಟರನ್ನೇ ತಳ್ಳುತ್ತದೆ. ಕೊಂಡಿಯನ್ನು ತಯಾರಕರು ಸೂಚಿಸಿದ ಎತ್ತರಕ್ಕಿಂತ ಮೇಲೆ ಕಟ್ಟಿದರೆ ಏರಿನಲ್ಲಿ ಮುಂಚಕ್ರ ಎದ್ದು ವಾಹನ ಮಗುಚಬಹುದು. ಹಿಂಬದಿಯ ಪ್ರತಿಫಲಕ ಮತ್ತು ದೀಪಗಳು ರಾತ್ರಿ ವೇಳೆ ಹಿಂದೆ ಬರುವ ಕಾರು, ಬೈಕ್ ಸವಾರರ ಜೀವ ಉಳಿಸುತ್ತವೆ.

ಕಾನೂನಿನ ಮಿತಿ

ನೋಂದಣಿ ಪತ್ರದ ವಿವರಕ್ಕೆ ತಾಳೆಯಾಗದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅಧಿಕ ಭಾರಕ್ಕೆ 2019ರ ತಿದ್ದುಪಡಿಯ ಪ್ರಕಾರ 20 ಸಾವಿರ ರೂಪಾಯಿ, ಜೊತೆಗೆ ಪ್ರತಿ ಹೆಚ್ಚುವರಿ ಟನ್‌ಗೆ 2 ಸಾವಿರ ರೂಪಾಯಿ ದಂಡವಿದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್ ಸಂಚಾರ ನಿಷಿದ್ಧವಾದ್ದರಿಂದ ಶ್ರೀರಂಗಪಟ್ಟಣದ ಬಳಿ ಸರ್ವಿಸ್ ರಸ್ತೆಯನ್ನೇ ಬಳಸಬೇಕು.

ರಸ್ತೆಯ ಹಾನಿಯು ಆಕ್ಸಲ್ ತೂಕದ ಸರಿಸುಮಾರು ನಾಲ್ಕನೇ ಘಾತದಷ್ಟು ಏರುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಅಂದರೆ ಭಾರ ಶೇ 20ರಷ್ಟು ಹೆಚ್ಚಿದರೆ ಹಾನಿ ಇಮ್ಮಡಿಯಾಗುತ್ತದೆ. ಒಳ್ಳೆಯ ಸ್ಪ್ರಿಂಗ್ ಮತ್ತು ಟಯರ್ ಅನುಮತಿ ಇರುವ ಭಾರವನ್ನು ಸುರಕ್ಷಿತವಾಗಿ ಸಾಗಿಸಲು. ಅದನ್ನು ಮೀರಲು ಅಲ್ಲ.