ಬಾನುಲಿಯ ಪಾಠಶಾಲೆ

ವಿದ್ಯಾಭ್ಯಾಸದ ಚರಿತ್ರೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ರಾಜಧಾನಿಗಳ ಕಾಲೇಜುಗಳು, ಅವುಗಳ ಗೋಪುರಗಳು, ಅಲ್ಲಿ ಓದಿ ಹೆಸರಾದ ಮಹನೀಯರು. ಶಾಲೆಯೇ ಇಲ್ಲದ ಕಡೆ ಹುಟ್ಟಿದ ಮಗುವಿನ ಪಾಡೇನಾಯಿತೆಂಬ ವಿಚಾರ ಈ ಚರಿತ್ರೆಯಲ್ಲಿ ಅಪೂರ್ವವಾಗಿ ಕಾಣಬರುತ್ತದೆ. ಆದರೆ ಒಂದು ರಾಷ್ಟ್ರದ ವಿದ್ಯಾನೀತಿಗೆ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ. ಈ ಪರೀಕ್ಷೆಯನ್ನು ಆಸ್ಟ್ರೇಲಿಯ ಖಂಡವು ಹೇಗೆ ಎದುರಿಸಿತೆಂಬುದನ್ನು ಈ ಹೊತ್ತು ಸಂಕ್ಷೇಪವಾಗಿ ವಿಚಾರಮಾಡೋಣ.

ಆ ಖಂಡದ ಜನರಲ್ಲಿ ಬಹುಭಾಗ ಸಮುದ್ರತೀರದ ಪಟ್ಟಣಗಳಲ್ಲಿ ನೆಲಸಿದ್ದಾರೆ. ಒಳನಾಡು ಬಹುಮಟ್ಟಿಗೆ ಬೆಂಗಾಡು. ದನಕುರಿಗಳನ್ನು ಸಾಕಿ ಜೀವಿಸುವ ಕುಟುಂಬಗಳು ಅಲ್ಲಿ ಒಂದರಿಂದೊಂದು ಹತ್ತಾರು ಮೈಲಿ, ಕೆಲವೆಡೆ ಇನ್ನೂ ಹೆಚ್ಚು ದೂರದಲ್ಲಿರುತ್ತವೆ. 1872ರಲ್ಲಿ ವಿಕ್ಟೋರಿಯ ವಸಾಹತು ವಿದ್ಯಾಭ್ಯಾಸವನ್ನು ಉಚಿತವಾಗಿಯೂ ಕಡ್ಡಾಯವಾಗಿಯೂ ಮಾಡಿತು. ಆದರೆ ಎರಡು ಮೈಲಿಯೊಳಗೆ ಸರ್ಕಾರಿ ಶಾಲೆಯಿಲ್ಲದಿದ್ದರೆ ಮಗುವನ್ನು ಕಳುಹಿಸದಿರುವುದು ತಪ್ಪಲ್ಲವೆಂದು ಅದೇ ಶಾಸನವು ವಿನಾಯಿತಿ ಕೊಟ್ಟಿತು. ತಂದೆಗೆ ಇದರಿಂದ ದಂಡ ತಪ್ಪಿತು, ದಿಟ. ಮಗುವಿಗೆ ಅಕ್ಷರ ಬಂದಂತಾಗಲಿಲ್ಲ.

ಮಗು ಶಾಲೆಗೆ ಬರಲಾರದಿದ್ದರೆ ಶಾಲೆಯೇ ಮಗುವಿನ ಬಳಿಗೆ ಹೋಗಬೇಕಷ್ಟೆ. ನ್ಯೂ ಸೌತ್ ವೇಲ್ಸಿನಲ್ಲಿ 1866ರ ಶಾಸನದ ತರುವಾಯ ಅರ್ಧಕಾಲದ ಶಾಲೆಗಳು ಹುಟ್ಟಿದವು. ಒಬ್ಬನೇ ಉಪಾಧ್ಯಾಯನು ತನ್ನ ಕಾಲವನ್ನು ಎರಡು ಊರುಗಳಿಗೆ ಹಂಚುತ್ತಿದ್ದನು. ಕ್ವೀನ್ಸ್‌ಲೆಂಡಿನಲ್ಲಿ 1901ರಿಂದ ಸಂಚಾರಿ ಉಪಾಧ್ಯಾಯರು ಕುದುರೆಗಾಡಿಯಲ್ಲಿ ಮನೆಯಿಂದ ಮನೆಗೆ ಸಾಗಿ, ಪುಸ್ತಕಗಳನ್ನು ಕೊಟ್ಟು, ಪಾಠ ಹೇಳಿ ಮುಂದಕ್ಕೆ ಹೋಗುತ್ತಿದ್ದರು. 1908ರಲ್ಲಿ ನ್ಯೂ ಸೌತ್ ವೇಲ್ಸು ಡೇರೆಯೊಡನೆ ಸಂಚರಿಸುವ ಶಾಲೆಯನ್ನೇ ಹೊರಡಿಸಿತು. 1914ರಲ್ಲಿ ವಿಕ್ಟೋರಿಯದವರು ಅಂಚೆಯ ಮೂಲಕ ಪಾಠಗಳನ್ನು ಕಳುಹಿಸತೊಡಗಿದರು. ಈ ಪದ್ಧತಿ ಶೀಘ್ರವಾಗಿ ಇತರ ಪ್ರಾಂತಗಳಿಗೂ ಹಬ್ಬಿತು.

ಇವೆಲ್ಲ ಸ್ತುತ್ಯವಾದ ಪ್ರಯತ್ನಗಳೇ ಸರಿ. ಆದರೂ ಒಂದು ಕೊರತೆ ಉಳಿದೇ ಇತ್ತು. ಸಂಚಾರಿ ಉಪಾಧ್ಯಾಯನು ಹೊರಟುಹೋದ ಮೇಲೆ ಹುಟ್ಟಿದ ಸಂದೇಹವನ್ನು ಮಗು ಯಾರಲ್ಲಿ ಹೇಳಿಕೊಳ್ಳಬೇಕು? ಅಂಚೆಯಲ್ಲಿ ಕಳುಹಿಸಿದ ಪ್ರಶ್ನೆಗೆ ಉತ್ತರ ಬರುವ ವೇಳೆಗೆ ಪ್ರಶ್ನೆಯೇ ಮರೆತುಹೋಗುತ್ತಿರಲಿಲ್ಲವೆ?

ಇದಕ್ಕೆ ಪರಿಹಾರ ಬಂದದ್ದು ವಿದ್ಯಾ ಇಲಾಖೆಯಿಂದಲ್ಲ, ವೈದ್ಯರ ಕಡೆಯಿಂದ. ಜಾನ್ ಫ್ಲಿನ್ ಎಂಬ ಪಾದ್ರಿಗಳು 1928ರಲ್ಲಿ ಕ್ಲಾನ್‌ಕರಿ ಎಂಬ ಊರಿನಿಂದ ವಿಮಾನದಲ್ಲಿ ವೈದ್ಯರನ್ನು ಕಳುಹಿಸುವ ಏರ್ಪಾಡನ್ನು ಮೊದಲುಮಾಡಿದರು. ಆದರೆ ರೋಗಿಯ ಸುದ್ದಿ ವೈದ್ಯನಿಗೆ ಮುಟ್ಟಬೇಡವೆ? ಆಲ್ಫ್ರೆಡ್ ಟ್ರೇಗರ್ ಎಂಬ ಯಂತ್ರಜ್ಞರು, ಸೈಕಲ್ಲಿನಂತೆ ಕಾಲಿನಿಂದ ತುಳಿದು ವಿದ್ಯುತ್ತನ್ನು ಉತ್ಪಾದಿಸುವ ರೇಡಿಯೋ ಯಂತ್ರವೊಂದನ್ನು ನಿರ್ಮಿಸಿದರು. 1929ರಲ್ಲಿ ಅಂತಹ ಮೊದಲ ಯಂತ್ರವು ಕ್ವೀನ್ಸ್‌ಲೆಂಡಿನ ಒಂದು ದನಗಾವಲಿನ ಮನೆಯನ್ನು ಸೇರಿತು. ಮೊದಮೊದಲು ಮಾರ್ಸ್ ಸಂಕೇತಗಳಲ್ಲಿ, ಅನಂತರ ಬಾಯಿಮಾತಿನಲ್ಲಿಯೇ ಸುದ್ದಿಗಳು ಹರಿಯತೊಡಗಿದವು.

ಶಾಲಾ ತನಿಖಾಧಿಕಾರಿಯಾಗಿದ್ದ ಅಡಿಲೇಡ್ ಮೀತ್ಕೆ ಎಂಬ ವಿದುಷಿಯು 1940ರ ದಶಕದಲ್ಲಿ ಈ ವೈದ್ಯಸಂಸ್ಥೆಯ ಕಾರ್ಯದಲ್ಲಿ ತೊಡಗಿದ್ದರು. ಆ ಯಂತ್ರವನ್ನು ಒಳನಾಡಿನ ಮಕ್ಕಳೂ ಸರಾಗವಾಗಿ ಬಳಸುವುದನ್ನು ಕಂಡು, ಪಾಠಕ್ಕೆ ಇದೇ ಸಾಧನವಾಗಬಾರದೇಕೆಂದು ಆಲೋಚಿಸಿದರು. 1951ರ ಜೂನ್ 8ರಂದು ಆಲಿಸ್ ಸ್ಪ್ರಿಂಗ್ಸ್ ಎಂಬ ಮರುಭೂಮಿಯ ಪಟ್ಟಣದಲ್ಲಿ ಬಾನುಲಿಯ ಪಾಠಶಾಲೆ ಪ್ರಾರಂಭವಾಯಿತು. ಅದರ ವ್ಯಾಪ್ತಿ ಸುಮಾರು 5 ಲಕ್ಷ ಚದರ ಮೈಲಿ. ನಮ್ಮ ಹಳೆಯ ಮೈಸೂರು ಸಂಸ್ಥಾನದಂತಹವು ಹದಿನೇಳು ಅದರಲ್ಲಿ ಹಿಡಿಸಬಹುದು.

ಆರಂಭದಲ್ಲಿ ಉಪಾಧ್ಯಾಯಿನಿ ನುಡಿಯುವುದು, ಮಕ್ಕಳು ಕೇಳುವುದು, ಇಷ್ಟೇ ಇತ್ತು. ಸ್ವಲ್ಪಕಾಲದಲ್ಲಿಯೇ ಪಾಠದ ಕೊನೆಯಲ್ಲಿ ಪ್ರಶ್ನೋತ್ತರಕ್ಕೆ ಅವಕಾಶವಾಯಿತು. ಇದೇ ಆ ಶಾಲೆಯ ಜೀವಾಳವೆಂದು ನಮಗೆ ತೋರುತ್ತದೆ. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಪ್ರಾರಂಭಿಸಿದುದು ನಮ್ಮ ಶ್ರೋತೃಗಳಿಗೆ ವಿದಿತವೇ ಇದೆ. ಅಂತಹ ಪ್ರಸಾರದಲ್ಲಿ ನಾವು ಆಡಿದ್ದನ್ನು ತಾವು ಕೇಳುತ್ತೀರಿ. ತಮ್ಮ ಆಕ್ಷೇಪಣೆ ನಮ್ಮ ಕಿವಿಗೆ ಬೀಳುವುದಿಲ್ಲ. ಉಪನ್ಯಾಸಕನಿಗೆ ಇದು ಅನುಕೂಲವೇ ಆಗಬಹುದು, ಕಲಿಯುವ ಮಗುವಿಗೆ ಮಾತ್ರ ಸಾಲದು. ತನ್ನ ಹೆಸರು ಹಿಡಿದು ಕರೆಯುವ ಧ್ವನಿ ಅದಕ್ಕೆ ಬೇಕು. ನೂರು ಮೈಲಿಯಾಚೆ ಇನ್ನೊಂದು ಮಗು ಅದೇ ಲೆಕ್ಕದಲ್ಲಿ ತಡವರಿಸುತ್ತಿದೆಯೆಂಬುದು ಕಿವಿಗೆ ಬೀಳಬೇಕು.

ಆದರೆ ಯಂತ್ರವೊಂದೇ ಈ ಕಾರ್ಯವನ್ನು ಸಾಧಿಸಿತೆಂದು ಭಾವಿಸಲಾಗದು. ಅಂಚೆಯ ಪಾಠಗಳು ಮುಂದುವರಿದವು. ದಿನವೂ ಮಗುವಿನ ಪಕ್ಕದಲ್ಲಿ ಕುಳಿತು ಬರೆಯಿಸುತ್ತಿದ್ದವಳು ಸಾಮಾನ್ಯವಾಗಿ ತಾಯಿ. ದನಗಾವಲಿನ ಮನೆಗೆಲಸದ ನಡುವೆ ಆಕೆ ನಡೆಸಿದ ಉಪಾಧ್ಯಾಯವೃತ್ತಿಗೆ ಸಂಬಳವಿರಲಿಲ್ಲ. ಉಪಾಧ್ಯಾಯರು ದೂರ ಪ್ರಯಾಣಮಾಡಿ ಮಕ್ಕಳ ಮನೆಗೆ ಹೋಗುವುದು, ಮಕ್ಕಳು ವರ್ಷದಲ್ಲಿ ಕೆಲವು ದಿನ ಒಂದೆಡೆ ಸೇರುವುದು, ಇವೂ ರೂಢಿಗೆ ಬಂದವು. 21ನೆಯ ಶತಮಾನದ ಮೊದಲ ದಶಕದಲ್ಲಿ ಹಳೆಯ ರೇಡಿಯೋಗಳ ಸ್ಥಾನಕ್ಕೆ ಉಪಗ್ರಹದ ಸಂಪರ್ಕ ಬಂದಿತು. ಪಕ್ಕದಲ್ಲಿ ಕುಳಿತುಕೊಳ್ಳುವವರ ಅವಶ್ಯಕತೆ ಮಾತ್ರ ತಪ್ಪಲಿಲ್ಲ.

ಈ ಚರಿತ್ರೆಗೆ ಇನ್ನೊಂದು ಮುಖವೂ ಉಂಟು. ಆ ನೆಲದ ಮೂಲನಿವಾಸಿಗಳ ಮಕ್ಕಳು ಶಾಲೆಯ ಬಾಗಿಲಿನ ಎದುರಿಗೇ ಇದ್ದರೂ ಅನೇಕ ವೇಳೆ ಒಳಗೆ ಹೋಗುವಂತಿರಲಿಲ್ಲ. ಬಿಳಿಯ ತಂದೆತಾಯಿಗಳು ಆಕ್ಷೇಪಿಸಿದರೆ ಅಂತಹ ಮಗುವನ್ನು ಹೊರಗಿಡಲು ಮುಖ್ಯೋಪಾಧ್ಯಾಯರಿಗಿದ್ದ ಅಧಿಕಾರವು ನ್ಯೂ ಸೌತ್ ವೇಲ್ಸಿನಲ್ಲಿ 1972ರಲ್ಲಿ ಮಾತ್ರ ಕೊನೆಗೊಂಡಿತು. ನೂರಾರು ಮೈಲಿಗಳ ಅಂತರವನ್ನು ದಾಟಿದ ಜನಕ್ಕೆ ಬೀದಿಯ ಅಗಲದ ಅಂತರವನ್ನು ದಾಟುವುದು ಅದಕ್ಕಿಂತ ಕಷ್ಟವಾಯಿತು.

ಆದಕಾರಣ ದೂರವೆಂಬುದನ್ನು ಮೈಲಿಗಳಿಂದ ಮಾತ್ರ ಅಳೆಯತಕ್ಕದ್ದಲ್ಲವೆಂಬುದೇ ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ಅಂಶ. ಯಾವ ಮಗುವಿನ ಪ್ರಶ್ನೆಗೆ ಕಿವಿಗೊಡುವವರಿಲ್ಲವೋ ಆ ಮಗುವೇ ಶಾಲೆಗೆ ದೂರವಾದದ್ದು. ಅಂತಹವರು ಮರುಭೂಮಿಯಲ್ಲಿಯೂ ಇರಬಹುದು, ನಮ್ಮ ಮಲೆನಾಡಿನ ಒಂಟಿಮನೆಯಲ್ಲಿಯೂ ಇರಬಹುದು, ಪಟ್ಟಣದ ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿಯೂ ಇರಬಹುದು.