ಕಲಿತ ಕೈ ಯಾರದು: ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಮಾಲೀಕನಿಗೆ ಎದುರಾಗಿ ಕಸುಬು ಹೂಡುವ ಪ್ರಶ್ನೆ

ರಾಯದುರ್ಗದ ಜೀನ್ಸ್ ಹೊಲಿಯುವವನೊಬ್ಬ ಮಾಲೀಕನನ್ನು ಬಿಟ್ಟು ಅದೇ ಬೀದಿಯಲ್ಲಿ ನಾಲ್ಕು ಮಿಷನ್ನು ಹಾಕಿಕೊಂಡ ಎನ್ನಿ. ಅವನ ಮೇಲೆ ಬೀಳುವ ಮಾತು ಒಂದೇ: ‘ಉಂಡ ಮನೆಗೆ ಎರಡು ಬಗೆದ’. ದ್ರೋಹಕ್ಕೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ಕಟುವಾದ ಹೆಸರು ಕಡಿಮೆ. ಹಾಗಿದ್ದೂ ಕೇಳಬೇಕಾದ ಪ್ರಶ್ನೆಯಿದೆ. ಪೀಸಿಗೆ ಇಷ್ಟು ಎಂದು ಎಣಿಸಿ ಕೊಟ್ಟು, ಆರ್ಡರು ನಿಂತ ವಾರ ಕೂಲಿಯನ್ನೂ ನಿಲ್ಲಿಸುವ ಜಾಗವನ್ನು ಉಂಡ ಮನೆ ಎನ್ನಬಹುದೇ? ನಿಷ್ಠೆ ಕೊಟ್ಟು ಪಡೆಯುವ ವಸ್ತು. ಮಾಲೀಕ ತನ್ನನ್ನು ಎಷ್ಟು ಕಟ್ಟಿಕೊಂಡಿದ್ದಾನೋ ನೌಕರನ ಋಣವೂ ಅಷ್ಟೇ. ಈ ಲೇಖನದ ವಾದ ಇದು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆ ದಿನ ಆದೋನಿ, ಆಲೂರುಗಳ ಜೊತೆಗೆ ಅದೂ ಆಂಧ್ರಕ್ಕೆ ಹೋಗಿ ಅನಂತಪುರ ಜಿಲ್ಲೆಗೆ ಸೇರಿತು. ಗಡಿ ಸರಿದರೂ ಕಸುಬಿನ ನಂಟು ಸರಿಯಲಿಲ್ಲ. ದಂಡಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿದ ದರ್ಜಿಗಳ ಕೈಯಿಂದಲೇ ತಮ್ಮ ಜೀನ್ಸ್ ಬೆಳೆಯಿತೆಂದು ಬಳ್ಳಾರಿಯವರು ಹೇಳುತ್ತಾರೆ. ಆ ಹೊಲಿಗೆ ರಾಯದುರ್ಗದಲ್ಲೂ ಬೇರು ಬಿಟ್ಟಿದೆ. ಕಟಿಂಗ್ ಮಾಸ್ಟರು ಕತ್ತರಿಸಿದ ಬಟ್ಟೆ ಹೊಲಿಗೆಗೆ ಹೋಗಿ, ಕಾಜಾ, ಗುಂಡಿ, ವಾಷಿಂಗ್, ದಾರ ಕತ್ತರಿಸುವುದು, ಇಸ್ತ್ರಿ ಎಂದು ಹಲವು ಕೈ ದಾಟಿ ಒಂದು ಪ್ಯಾಂಟು ಆಗುತ್ತದೆ. ಕಸುಬು ಹೀಗೆ ಹರಿದು ಹಂಚಿಹೋಗಿರುವುದರಿಂದಲೇ ಒಂದು ಹಂತವನ್ನು ಬಲ್ಲವನು ಸಣ್ಣ ಬಂಡವಾಳದಲ್ಲಿ ಸ್ವಂತಕ್ಕೆ ಕೂರಬಲ್ಲ. ಕೆಲಸಗಾರನಿಗೂ ಎದುರಾಳಿಗೂ ನಡುವೆ ಇಲ್ಲಿ ಇರುವುದು ಒಂದು ಬಾಡಿಗೆ ಕೋಣೆ ಮಾತ್ರ.

ಕಾನೂನು ಇಂಥವನ ಪರವಾಗಿಯೇ ನಿಂತಿದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಒಬ್ಬನ ನ್ಯಾಯವಾದ ಕಸುಬಿಗೆ ಅಡ್ಡಿ ತರುವ ಕರಾರು ಆ ಮಟ್ಟಿಗೆ ಅಸಿಂಧು. ವ್ಯಾಪಾರವನ್ನು ಅದರ ಹೆಸರಿನ ಸಮೇತ ಮಾರಿದವನಿಗೆ ಮಾತ್ರ ಬೇರೆ ನಿಯಮ. ಈ ಕಲಮಿನ ಮೇಲೆ ಬಂದ ಮೊದಲ ದೊಡ್ಡ ತೀರ್ಪು 1874ರ ಮಾಧವಚಂದ್ರ ಪರಾಮಾಣಿಕ ಮತ್ತು ರಾಜಕುಮಾರ ದಾಸರ ವ್ಯಾಜ್ಯದ್ದು. ಕಲ್ಕತ್ತೆಯ ಒಂದೇ ಪೇಟೆಯಲ್ಲಿ ಇಬ್ಬರು ಕಂಚುಗಾರ ವ್ಯಾಪಾರಿಗಳಿದ್ದರು. ‘ನೀನು ಅಂಗಡಿ ಮುಚ್ಚು, ನಿನ್ನ ಆಳುಗಳಿಗೆ ಕೊಟ್ಟಿರುವ ಮುಂಗಡವನ್ನು ನಾನು ತುಂಬಿಕೊಡುತ್ತೇನೆ’ ಎಂದು ಒಬ್ಬ ಮಾತುಕೊಟ್ಟ. ಇನ್ನೊಬ್ಬ ಮುಚ್ಚಿದ; ಹಣ ಬರಲಿಲ್ಲ. ಪೈಪೋಟಿಯನ್ನು ಭಾಗಶಃ ತಡೆಯುವ ಕರಾರೂ ಸಲ್ಲದೆಂದು ಹೈಕೋರ್ಟು ಹೇಳಿತು, ಹಣ ಕೊಡಿಸಲಿಲ್ಲ. ಆ ವ್ಯಾಜ್ಯದ ನಡುವೆಯೂ ಆಳಿಗೆ ಕೊಟ್ಟ ಮುಂಗಡ ಕೂತಿತ್ತು ಎಂಬುದನ್ನು ಓದುಗರು ಗಮನಿಸಬೇಕು. ಕರಾರಿನ ಅವಧಿ ಮುಗಿದ ಮೇಲಿನ ನಿರ್ಬಂಧ ನಿಲ್ಲದೆಂದು ಸುಪ್ರೀಂ ಕೋರ್ಟು ಕ್ರಿಕೆಟಿಗ ಜಹೀರ್ ಖಾನ್ ಅವರ 2006ರ ಪ್ರಕರಣದಲ್ಲೂ ಎತ್ತಿಹಿಡಿಯಿತು.

ಕೆಲಸದಲ್ಲಿ ಇರುವಾಗಿನ ಮಾತು ಬೇರೆ. 1967ರ ನಿರಂಜನ ಶಂಕರ ಗೋಲಿಕಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿದ ಅವಧಿಯೊಳಗೆ ಎದುರಾಳಿಯ ಬಳಿ ದುಡಿಯಬಾರದೆಂಬ ಕರಾರನ್ನು ಎತ್ತಿಹಿಡಿಯಿತು. ಇಂಗ್ಲೆಂಡಿನ 1895ರ ರಾಬ್ ಮತ್ತು ಗ್ರೀನ್ ವ್ಯಾಜ್ಯದಲ್ಲಿ ಮ್ಯಾನೇಜರನೊಬ್ಬ ಕೆಲಸ ಬಿಡುವ ಮೊದಲೇ ಧಣಿಯ ಆರ್ಡರು ಪುಸ್ತಕದಿಂದ ಗಿರಾಕಿಗಳ ಹೆಸರನ್ನು ಗುಟ್ಟಾಗಿ ನಕಲು ಮಾಡಿಕೊಂಡಿದ್ದ. ಅವನು ಸೋತ. ಸೋತದ್ದು ಪೈಪೋಟಿಗಿಳಿದ ತಪ್ಪಿಗಲ್ಲ, ನಂಬಿಕೆಯ ಹೊತ್ತಿನಲ್ಲಿ ಕದ್ದ ತಪ್ಪಿಗೆ. ರಾಯದುರ್ಗಕ್ಕೂ ಇದೇ ಅಳತೆ ಸಲ್ಲುತ್ತದೆ. ಸಂಜೆಯವರೆಗೆ ಮಾಲೀಕನ ಮಿಷನ್ನಿನ ಮೇಲೆ ತನ್ನ ಮಾಲು ಹೊಲಿಯುವುದು, ಕಟಿಂಗಿನಲ್ಲಿ ಉಳಿದ ಬಟ್ಟೆಯನ್ನು ಸದ್ದಿಲ್ಲದೆ ಸಾಗಿಸುವುದು, ಮಾಲೀಕನ ಲೇಬಲ್ಲನ್ನೇ ಹೋಲುವ ಲೇಬಲ್ ಹಚ್ಚುವುದು, ಇವೆಲ್ಲ ಕಳವೇ. ಆದರೆ ಕೈಯಲ್ಲಿ ಕೂತ ಹದ? ಅದು ವರ್ಷಗಟ್ಟಲೆ ಬೆನ್ನು ಬಗ್ಗಿಸಿ ಕಲಿತವನ ಸೊತ್ತು. ಅದನ್ನು ಮಿಷನ್ನಿನ ಪಕ್ಕದಲ್ಲಿ ಕಳಚಿಟ್ಟು ಹೋಗಲು ಬರುವುದಿಲ್ಲ.

ಮುಂಗಡದ ವಿಷಯದಲ್ಲಿ ನಾನು ತುಸು ನಿಲ್ಲಬೇಕು. ಮಗಳ ಮದುವೆಗೆ, ಆಸ್ಪತ್ರೆಗೆ ಎಂದು ಪಡೆದ ಅಡ್ವಾನ್ಸನ್ನು ತೀರಿಸದೆ ಎದ್ದುಹೋಗುವುದು ತಪ್ಪು. ಕಷ್ಟಕ್ಕೆ ಒದಗಿದ ಹಣ ಅದು. ಅದೇ ಅಡ್ವಾನ್ಸನ್ನು ತೋರಿಸಿ ‘ಇದು ತೀರುವವರೆಗೆ ಬೇರೆಲ್ಲೂ ದುಡಿಯಕೂಡದು’ ಎನ್ನುವುದು ಅದಕ್ಕಿಂತ ದೊಡ್ಡ ತಪ್ಪು. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಮುಂಗಡದ ಕಾರಣಕ್ಕೆ ಬೇರೆ ಉದ್ಯೋಗ ಹಿಡಿಯುವ ಸ್ವಾತಂತ್ರ್ಯ ಕಳೆದುಕೊಳ್ಳುವುದನ್ನು ಜೀತದ ಲಕ್ಷಣಗಳಲ್ಲೊಂದಾಗಿ ಹೆಸರಿಸಿದೆ. ಸಾಲ ಸಾಲವಾಗಿಯೇ ಉಳಿಯಲಿ. ಕಂತಿನಲ್ಲಿ ತೀರಲಿ. ಅದು ಹಗ್ಗವಾಗಬಾರದು.

ಹಳಬರು ಈ ಕೊಡುಕೊಳೆಯನ್ನು ನಮಗಿಂತ ಸ್ಪಷ್ಟವಾಗಿ ಕಂಡಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದ 3ನೇ ಅಧಿಕರಣ, 14ನೇ ಅಧ್ಯಾಯದಲ್ಲಿ ಧಣಿ ಬೇರೆಯವರಿಂದ ಕೆಲಸ ಮಾಡಿಸಬಾರದು, ಆಳು ಬೇರೆಯವರಿಗೆ ಕೆಲಸ ಮಾಡಬಾರದು ಎಂಬ ಪರಸ್ಪರ ಒಪ್ಪಂದದ ಪ್ರಸ್ತಾಪ ಬರುತ್ತದೆ. ಅಂಥ ಕಟ್ಟಿನಲ್ಲಿ ಕೆಲಸ ಕೊಡದ ಧಣಿಗೂ ಕೆಲಸ ಮಾಡದ ಆಳಿಗೂ ದಂಡ ಒಂದೇ, 12 ಪಣ. ಪೀಸ್ ರೇಟಿನ ಮಾಲೀಕ ಈ ತಕ್ಕಡಿಯಲ್ಲಿ ನಿಂತರೆ ಉಂಡ ಮನೆಯ ಗಾದೆ ಎತ್ತುವ ಮುನ್ನ ಎರಡು ಬಾರಿ ಯೋಚಿಸಬೇಕಾಗುತ್ತದೆ.

ಮಡಕಶಿರಾದ ಕಡೆ ಪ್ರಶ್ನೆಯ ಮುಖ ಬದಲಾಗುತ್ತದೆ. 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಈ ಕನ್ನಡ ಸೀಮೆಯಲ್ಲಿ ಅಡಿಕೆಯೂ ರೇಷ್ಮೆಯೂ ಬದುಕು. ವ್ಯಾಪಾರಿಯ ಗುಮಾಸ್ತ ಕಲಿಯುವುದು ಮುಖ್ಯವಾಗಿ ಜನರನ್ನು: ಯಾರ ತೋಟದ ಕಾಯಿ ಗಟ್ಟಿ, ಯಾರಿಗೆ ಯಾವಾಗ ದುಡ್ಡು ಬೇಕು. ಇದು ಕೈಕಸುಬಿನಷ್ಟು ಸಲೀಸಾಗಿ ಅವನದಾಗದು, ಧಣಿಯ ದುಡ್ಡು ಕಟ್ಟಿದ ನಂಬಿಕೆ ಇದರಲ್ಲಿದೆ. ಆದರೂ ಬೆಳೆಗಾರ ಯಾರ ಆಸ್ತಿಯೂ ಅಲ್ಲ. ಹಿಂದೂಪುರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡು ಬಹಿರಂಗ ಹರಾಜಿಗೆ ಬರುವಾಗ ‘ನನ್ನ ರೈತ’ ಎಂಬ ಮಾತೇ ನಿಲ್ಲುವುದಿಲ್ಲ. ಗುಟ್ಟು ಕಡಿಮೆಯಾದಷ್ಟೂ ದ್ರೋಹಕ್ಕೆ ಜಾಗ ಕಡಿಮೆ.

1981ರಲ್ಲಿ ನಾರಾಯಣಮೂರ್ತಿ ಮತ್ತು ಸಂಗಡಿಗರು ಪಾಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಬಿಟ್ಟು ಅದೇ ಬಗೆಯ ಕಂಪನಿಯಾಗಿ ಇನ್ಫೋಸಿಸ್ ಕಟ್ಟಿದರು. ಅದನ್ನು ಸಾಹಸವೆಂದು ಮಕ್ಕಳಿಗೆ ಹೇಳುತ್ತೇವೆ, ಹೇಳುವುದು ಸರಿಯೇ. ಎಂಜಿನಿಯರು ಮಾಡಿದ್ದು ಸಾಹಸವಾದರೆ ಹೊಲಿಗೆಯವನು ಮಾಡಿದ್ದು ದ್ರೋಹ ಹೇಗಾದೀತು? ಈ ಎರಡು ಅಳತೆಗಳನ್ನು ನಾನು ಒಪ್ಪಲಾರೆ.

ಕೆಲಸ ಬಿಡುವವನು ಲೆಕ್ಕ ಚುಕ್ತಾ ಮಾಡಿ, ಮುಖಕ್ಕೆ ಮುಖ ಕೊಟ್ಟು ಹೇಳಿ ಹೋಗಲಿ. ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೇ: ಆಳು ಸೇರಿದ ದಿನವೇ ಮುಂಗಡದ ಚೀಟಿಯನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆಯಿಸಿ, ಒಂದು ಪ್ರತಿಯನ್ನು ಅವನ ಕೈಗೆ ಕೊಡಿ.